ಒಂದು ಓಟಿನ ಕ್ಯಾಪ್ಟನ್

33–1. ಇದು ಫುಟ್‌ಬಾಲ್ ಮೈದಾನದಲ್ಲಿ ಬಂದ ಸ್ಕೋರಲ್ಲ. ಮೈದಾನದಲ್ಲಿ 2001ರಲ್ಲಿ ಆಸ್ಟ್ರೇಲಿಯಾದವರು ಅಮೆರಿಕನ್ ಸಮೋವಾಕ್ಕೆ 31 ಗೋಲು ಹೊಡೆದದ್ದೇ ಅಂತರರಾಷ್ಟ್ರೀಯ ದಾಖಲೆ. ಅದನ್ನೂ ಮೀರಿಸಿದ ಈ ಸ್ಕೋರು ಬಂದದ್ದು 2022ರ ಸೆಪ್ಟೆಂಬರ್ 2ರಂದು, ದೆಹಲಿಯ ಒಂದು ಮತಪೆಟ್ಟಿಗೆಯಲ್ಲಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷಗಿರಿಗೆ ಇಬ್ಬರು ನಿಂತಿದ್ದರು. ಕಲ್ಯಾಣ್ ಚೌಬೆಗೆ 33 ಓಟು, ಬೈಚುಂಗ್ ಭುಟಿಯಾಗೆ ಒಂದು.

ಭುಟಿಯಾ ಹೆಸರನ್ನು ಸೂಚಿಸಿದ್ದು ಆಂಧ್ರ ಪ್ರದೇಶದ ಸಂಸ್ಥೆ, ಅನುಮೋದಿಸಿದ್ದು ರಾಜಸ್ಥಾನದ ಸಂಸ್ಥೆ. ತವರು ಸಿಕ್ಕಿಂ ಎರಡರಲ್ಲೂ ಇಲ್ಲ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು, ಎಣಿಸಿದಾಗ ಸಿಕ್ಕಿದ್ದು ಒಂದೇ ಓಟು. ಗುಪ್ತ ಮತದಾನ, ಯಾರನ್ನೂ ಬೆರಳು ತೋರಿಸೋ ಹಾಗಿಲ್ಲ. ಆದರೆ ಲೆಕ್ಕ ಮಾಡೋಕೆ ಎಂಜಿನಿಯರಿಂಗ್ ಓದಿರಬೇಕಿಲ್ಲ.

ಆ ವಾರ ಬಂದ ಬರಹಗಳಲ್ಲಿ ಬಹುಪಾಲು ಒಂದೇ ಕತೆ ಹೇಳಿದವು: ದೇಶಕ್ಕಾಗಿ ಆಡಿದ ಹೀರೋನನ್ನು ರಾಜಕಾರಣಿಗಳು ಸೇರಿ ಮುಗಿಸಿದರು. ಓದೋಕೆ ಚೆನ್ನಾಗಿದೆ, ಹಂಚಿಕೊಳ್ಳೋಕೂ ಚೆನ್ನಾಗಿದೆ. ಅರ್ಧ ನಿಜವೂ ಹೌದು. ಉಳಿದ ಅರ್ಧದ ಬಗ್ಗೆ ನನ್ನ ತಕರಾರಿದೆ.

ಮೊದಲು ನಿಜವಾದ ಅರ್ಧ. ಪ್ರಫುಲ್ ಪಟೇಲ್ ಅವರ ಅಧ್ಯಕ್ಷ ಅವಧಿ 2020ರ ಡಿಸೆಂಬರಿಗೇ ಮುಗಿದಿತ್ತು, ಚುನಾವಣೆ ಮಾತ್ರ ನಡೆದಿರಲಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಇಳಿಸಿ ಮೂರು ಜನರ ಆಡಳಿತ ಸಮಿತಿ ಕೂರಿಸಿತು. ನಿವೃತ್ತ ನ್ಯಾಯಮೂರ್ತಿ ಎ.ಆರ್. ದವೆ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಎಸ್.ವೈ. ಖುರೇಷಿ, ಮಾಜಿ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ. ಆಗಸ್ಟ್ ಮೊದಲ ವಾರ ಕೋರ್ಟ್ ಒಪ್ಪಿದ ಮತದಾರರ ಪಟ್ಟಿಯಲ್ಲಿ 36 ರಾಜ್ಯ ಸಂಸ್ಥೆಗಳ ಜೊತೆಗೆ 36 ಮಾಜಿ ಆಟಗಾರರೂ ಇದ್ದರು, 24 ಗಂಡಸರು, 12 ಹೆಂಗಸರು. ಅಂದರೆ ಸಮ ಸಮ. ಭುಟಿಯಾ ಮೊದಲು ನಾಮಪತ್ರ ಹಾಕಿದ್ದು ಈ ಪಟ್ಟಿ ನಂಬಿಕೊಂಡು.

ಆಮೇಲೆ ಫಿಫಾ ಬಂತು. ಆಗಸ್ಟ್ ನಡುವಿನಲ್ಲಿ, ಹೊರಗಿನವರ ಹಸ್ತಕ್ಷೇಪ ಆಗಿದೆ ಅಂತ ಭಾರತವನ್ನು ಅಮಾನತು ಮಾಡಿತು. ಅಕ್ಟೋಬರಿನಲ್ಲಿ ನಮ್ಮಲ್ಲೇ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ನಡೆಯಬೇಕಿತ್ತು. ಅದು ಕೈತಪ್ಪುತ್ತೆ ಅಂತ ಎಲ್ಲರಿಗೂ ಗಾಬರಿ. ಆಗಸ್ಟ್ 22ರಂದು ಕೋರ್ಟ್ ಆಡಳಿತ ಸಮಿತಿಯನ್ನು ಬಿಡುಗಡೆ ಮಾಡಿತು, ಆಟಗಾರರ 36 ಓಟುಗಳೂ ಅದರ ಜೊತೆಗೇ ಹೋದವು. 26ಕ್ಕೆ ಅಮಾನತು ತೆರವು. ಆಟ ಶುರುವಾಗೋ ಹತ್ತು ದಿನ ಮೊದಲು ಮೈದಾನದ ಅರ್ಧ ಭಾಗ ಕತ್ತರಿಸಿಕೊಟ್ಟ ಹಾಗಾಯಿತು. ಭುಟಿಯಾಗೆ ಅನ್ಯಾಯ ಆಯಿತು ಅಂತ ಯಾರಾದರೂ ಹೇಳಿದರೆ ಒಪ್ಪುತ್ತೇನೆ.

ಆದರೆ ಗೆದ್ದವರೂ ಆಟಗಾರರೇ ಅಲ್ವಾ? ಕಲ್ಯಾಣ್ ಚೌಬೆ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತ ಗೋಲ್‌ಕೀಪರ್. ಮೋಹನ್ ಬಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ಆಡಿದವರು. ಈಸ್ಟ್ ಬೆಂಗಾಲ್‌ನಲ್ಲಿ ಇದೇ ಭುಟಿಯಾ ಜೊತೆ ಆಡಿದವರು. ಹಿರಿಯರ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾಗಿದ್ದರೂ ಪಂದ್ಯ ಆಡೋಕೆ ಅವಕಾಶ ಸಿಗಲಿಲ್ಲ, ಅಷ್ಟೇ. 1937ರಲ್ಲಿ ಶುರುವಾದ ಫೆಡರೇಷನ್ನಿಗೆ 85 ವರ್ಷದಲ್ಲಿ ಮೊದಲ ಸಲ ಮಾಜಿ ಆಟಗಾರರೊಬ್ಬರು ಅಧ್ಯಕ್ಷರಾದರು. ‘ಆಟವನ್ನು ಆಟಗಾರರ ಕೈಗೆ ಕೊಡಿ’ ಅಂತ ನಾವು ಇಷ್ಟು ವರ್ಷ ಬಡಬಡಿಸಿದೆವಲ್ಲ, ಕೊಟ್ಟೇಬಿಟ್ಟರು. ರಾಜಕೀಯದ ವಾಸನೆ ಅಂತೀರಾ? ಚೌಬೆ ಬಿಜೆಪಿಯಿಂದ 2019ರಲ್ಲಿ ಕೃಷ್ಣನಗರದಲ್ಲಿ, 2021ರಲ್ಲಿ ಮಾಣಿಕ್‌ತಲಾದಲ್ಲಿ ನಿಂತು ಸೋತವರು. ಭುಟಿಯಾ ತೃಣಮೂಲದಿಂದ 2014ರಲ್ಲಿ ಡಾರ್ಜಿಲಿಂಗ್‌ನಲ್ಲಿ, 2016ರಲ್ಲಿ ಸಿಲಿಗುರಿಯಲ್ಲಿ ಸೋತು, 2018ರಲ್ಲಿ ಹಮ್ರೋ ಸಿಕ್ಕಿಂ ಅಂತ ಸ್ವಂತ ಪಕ್ಷ ಕಟ್ಟಿ, 2019ರಲ್ಲೂ ಸೋತವರು. ಹಾಗಾಗಿ ಆಟಗಾರ ಒಂದು ಕಡೆ, ರಾಜಕಾರಣಿ ಇನ್ನೊಂದು ಕಡೆ ಅನ್ನೋ ಕತೆ ಇಲ್ಲಿ ನಿಲ್ಲೋದಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಅದಕ್ಕೆ ಭುಟಿಯಾ ಆಟದ ಬದುಕನ್ನೇ ಇನ್ನೊಂದು ಸಲ ಓದಬೇಕು ಅನ್ನಿಸುತ್ತೆ, ಗೋಲುಗಳ ಪಟ್ಟಿಯಾಗಿ ಅಲ್ಲ, ಮನುಷ್ಯನ ಸ್ವಭಾವವಾಗಿ.

ಹುಟ್ಟಿದ್ದು 1976ರಲ್ಲಿ, ದಕ್ಷಿಣ ಸಿಕ್ಕಿಂನ ಟಿಂಕಿಟಾಮ್ ಅನ್ನೋ ಹಳ್ಳಿಯಲ್ಲಿ. ಮನೆಯವರು ಬೇಸಾಯಗಾರರು. ಬೈಚುಂಗ್ ಅಂದರೆ ‘ಚಿಕ್ಕ ತಮ್ಮ’ ಅಂತ ಅರ್ಥವಂತೆ. ಒಂಬತ್ತನೇ ವಯಸ್ಸಿಗೆ ಸ್ಕಾಲರ್‌ಶಿಪ್ ಸಿಕ್ಕಿ ಗ್ಯಾಂಗ್ಟಾಕ್‌ನ ತಾಶಿ ನಾಮ್‌ಗ್ಯಾಲ್ ಅಕಾಡೆಮಿ. 1992ರ ಸುಬ್ರತೋ ಕಪ್‌ನಲ್ಲಿ ಅತ್ಯುತ್ತಮ ಆಟಗಾರ. ಮರುವರ್ಷ, ಹದಿನಾರರ ಹುಡುಗ, ಶಾಲೆ ಬಿಟ್ಟು ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ. ಬೆಟ್ಟದ ಹಳ್ಳಿಯಿಂದ ಇಳಿದು ಬಂದ ಹುಡುಗನಿಗೆ ಆ ಊರು ಹೇಗೆ ಕಂಡಿರಬಹುದು ಅಂತ ಊಹಿಸಬಲ್ಲೆ. ನಾನು ಬಿಇ ಮುಗಿಸಿ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದಾಗಲೇ ಬಾಯಿ ಒಣಗಿತ್ತು, ನನಗಾಗ ಇಪ್ಪತ್ತೆರಡು.

1995ರಲ್ಲಿ ಫಗ್ವಾರಾದ ಜೆಸಿಟಿ. ಅಲ್ಲಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟು, ಲೀಗಿನಲ್ಲೇ ಅತಿ ಹೆಚ್ಚು ಗೋಲು ಹೊಡೆದು, ಮತ್ತೆ ಈಸ್ಟ್ ಬೆಂಗಾಲ್‌ಗೆ ವಾಪಸ್. 1997ರ ಜುಲೈ 13ರ ಫೆಡರೇಷನ್ ಕಪ್ ಸೆಮಿಫೈನಲ್ ಬಗ್ಗೆ ಬಂಗಾಳದವರು ಇವತ್ತಿಗೂ ಮಾತಾಡುತ್ತಾರೆ. ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ 1,31,000ಕ್ಕೂ ಹೆಚ್ಚು ಜನ. ಕೋಚ್ ಅಮಲ್ ದತ್ತ ಅವರ ‘ಡೈಮಂಡ್’ ರಚನೆಯಲ್ಲಿ ಆಡುತ್ತಿದ್ದ ಮೋಹನ್ ಬಗಾನ್ ಎದುರು 4–1, ಅದರಲ್ಲಿ ಭುಟಿಯಾದೇ ಹ್ಯಾಟ್ರಿಕ್. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂ ಮೂರು ಸಲ ತುಂಬಿದರೂ ಅಷ್ಟು ಜನ ಆಗಲ್ಲ.

1999ರಲ್ಲಿ ಇಂಗ್ಲೆಂಡಿನ ಬರಿ ಕ್ಲಬ್. ಅದು ಅಲ್ಲಿನ ಮೂರನೇ ದರ್ಜೆಯ ಲೀಗು. ಚಳಿ, ಗಾಯ, ಕ್ಲಬ್ಬಿನ ಹಣದ ಬಿಕ್ಕಟ್ಟು. ಮೂರು ಸೀಸನ್‌ನಲ್ಲಿ ಮೂವತ್ತೇಳು ಪಂದ್ಯ, ಮೂರು ಗೋಲು. ಅಂಕಿ ನೋಡಿದರೆ ಫೇಲ್. ಆದರೆ ಕೋಲ್ಕತ್ತಾದಲ್ಲಿ ರಾಜನ ಹಾಗೆ ಇರಬಹುದಾದವನು ಬೆಂಚು ಕಾಯೋಕೆ ಹೋದ ಅನ್ನೋದನ್ನು ಅಂಕಿ ಹೇಳಲ್ಲ. 2003ರಲ್ಲಿ ಜಕಾರ್ತಾದಲ್ಲಿ ಈಸ್ಟ್ ಬೆಂಗಾಲ್ ಆಸಿಯಾನ್ ಕ್ಲಬ್ ಕಪ್ ಗೆದ್ದಾಗ ಟೂರ್ನಿಯಲ್ಲಿ ಒಂಬತ್ತು ಗೋಲು ಭುಟಿಯಾದೇ. ಆಮೇಲೆ ನೆಹರೂ ಕಪ್ 2007, 2009, ಎರಡೂ ಸಲ ಫೈನಲ್‌ನಲ್ಲಿ ಸಿರಿಯಾ ಸೋಲಿಸಿ. ನಡುವೆ 2008ರಲ್ಲಿ ಎಎಫ್‌ಸಿ ಚಾಲೆಂಜ್ ಕಪ್. ಆ ಗೆಲುವಿನಿಂದಲೇ 27 ವರ್ಷದ ಮೇಲೆ ಭಾರತ ಏಷ್ಯಾ ಕಪ್‌ಗೆ ಹೋಯಿತು. 2011ರ ಜನವರಿಯಲ್ಲಿ ದೋಹಾದಲ್ಲಿ ಕ್ಯಾಪ್ಟನ್ ಗಾಯ ಮಾಡಿಕೊಂಡು ಬೆಂಚಲ್ಲಿ ಕೂತರು. ಕೊನೆಯ ಪಂದ್ಯದಲ್ಲಿ ಕೊರಿಯಾ ಎದುರು ಕೊನೆಯ ಕೆಲವು ನಿಮಿಷ ಆಡಿದರು. ಅದೇ ವರ್ಷ ನಿವೃತ್ತಿ.

ಈ ಪಟ್ಟಿಗಿಂತ ನನಗೆ ಮುಖ್ಯ ಅನ್ನಿಸೋದು 2008ರ ಏಪ್ರಿಲ್. ಬೀಜಿಂಗ್ ಒಲಿಂಪಿಕ್ ಜ್ಯೋತಿ ದೆಹಲಿಗೆ ಬರುವುದಿತ್ತು. ಭುಟಿಯಾ ಹಿಡಿದು ಓಡಬೇಕಿತ್ತು. ಟಿಬೆಟಿನವರ ಪರವಾಗಿ, ನಾನು ಹಿಡಿಯಲ್ಲ ಅಂದರು. ಅದೇ ವರ್ಷ ಪದ್ಮಶ್ರೀ ಬಂದಿತ್ತು. ಸರ್ಕಾರಕ್ಕೆ ಮುಜುಗರ ಮಾಡೋಕೆ ಅಷ್ಟೇನೂ ಒಳ್ಳೆಯ ಸಮಯ ಅಲ್ಲ. ಮರುವರ್ಷ ಟಿವಿಯ ಡ್ಯಾನ್ಸ್ ಷೋ ‘ಝಲಕ್ ದಿಖ್ಲಾ ಜಾ’ದಲ್ಲಿ ಕುಣಿದು ಗೆದ್ದರು, ಅದರ ಗಲಾಟೆಯಲ್ಲಿ ಮೋಹನ್ ಬಗಾನ್ ಜೊತೆ ಮುರಿದುಕೊಂಡು ಎದುರಾಳಿ ಕ್ಲಬ್ಬಿಗೆ ಹೋದರು. ಶಾಲೆ ಬಿಟ್ಟದ್ದು, ಕೋಲ್ಕತ್ತಾ ಬಿಟ್ಟದ್ದು, ಜ್ಯೋತಿ ಬಿಟ್ಟದ್ದು, ಕ್ಲಬ್ ಬಿಟ್ಟದ್ದು: ಎಲ್ಲದರಲ್ಲೂ ಒಬ್ಬನೇ ನಿರ್ಧಾರ ಮಾಡಿ ಒಬ್ಬನೇ ಎದ್ದು ಹೋಗೋ ಮನುಷ್ಯ ಕಾಣುತ್ತಾನೆ. ಸ್ಟ್ರೈಕರ್‌ಗೆ ಇದು ಬೇಕು. ಎದುರು ನಾಲ್ಕು ಡಿಫೆಂಡರ್ ಇದ್ದಾಗ ಮೀಟಿಂಗ್ ಕರೆಯೋಕೆ ಆಗಲ್ಲ.

ಇಷ್ಟರ ನಡುವೆ ಒಂದು ಕೆಲಸ ಬೇರೆ ಥರದ್ದು. ನನ್ನ ಲೆಕ್ಕದಲ್ಲಿ ಭುಟಿಯಾ ನಾಯಕತ್ವದ ಒಳ್ಳೆಯ ಅಧ್ಯಾಯ ಅದೇ, ಯಾರೂ ಅದರ ಬಗ್ಗೆ ಬರೆಯಲ್ಲ. 2006ರಲ್ಲಿ, ಇನ್ನೂ ಆಡುತ್ತಿರುವಾಗಲೇ, ಆಟಗಾರರ ಸಂಘವೊಂದನ್ನು ಕಟ್ಟೋಕೆ ಮುಂದೆ ನಿಂತು ಅದರ ಅಧ್ಯಕ್ಷರಾದರು. ಬಾಕಿ ಸಂಬಳ, ಗಾಯ, ವಿಮೆ, ಗುತ್ತಿಗೆ. ಟಿವಿಯಲ್ಲಿ ಬರದ ವಿಷಯಗಳು.

ಇದು ಎಷ್ಟು ದೊಡ್ಡದು ಅಂತ ಗೊತ್ತಾಗೋಕೆ ಕೋಲ್ಕತ್ತಾಗೆ ಹೋಗಬೇಕಿಲ್ಲ, ಬೆಂಗಳೂರು ಸಾಕು. 2004ರ ಡಿಸೆಂಬರ್ 5, ಕಂಠೀರವ ಸ್ಟೇಡಿಯಂ, ಫೆಡರೇಷನ್ ಕಪ್ ಫೈನಲ್. ಡೆಂಪೋ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೋ ಜೂನಿಯರ್ ಗೋಲು ಹೊಡೆದು, ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದವರು ಏಳಲಿಲ್ಲ. ಮೈದಾನದಲ್ಲಿದ್ದ ವೈದ್ಯಕೀಯ ವ್ಯವಸ್ಥೆ ಬಗ್ಗೆ ದೇಶವೆಲ್ಲ ಬೈದಾಡಿತು. ಅದಾಗಿ ಏಳು ವರ್ಷದ ಮೇಲೆ, 2012ರ ಮಾರ್ಚ್, ಇದೇ ಬೆಂಗಳೂರಿನಲ್ಲಿ ಒಂದು ಡಿವಿಷನ್ ಲೀಗ್ ಪಂದ್ಯ. ಇಪ್ಪತ್ತೇಳು ವರ್ಷದ ಆಟಗಾರನೊಬ್ಬ ಕುಸಿದು ಬಿದ್ದ. ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಉಳಿಯಲಿಲ್ಲ. ಫೆಡರೇಷನ್ನಿಗೆ ಯಾರು ಅಧ್ಯಕ್ಷ ಆದರೆ ನಮಗೇನು ಅಂತ ಕೇಳೋರಿಗೆ ನಾನು ಈ ಆಟೋ ನೆನಪಿಸುತ್ತೇನೆ. ಐಎಸ್‌ಎಲ್ ಪಂದ್ಯಕ್ಕೆ ಆಂಬುಲೆನ್ಸ್ ಬರುತ್ತೆ, ಕ್ಯಾಮರಾ ಇರುತ್ತಲ್ಲ. ಕ್ಯಾಮರಾ ಇಲ್ಲದ ಪಂದ್ಯಕ್ಕೂ ಬರೋ ಹಾಗೆ ಮಾಡೋದೇ ಆಡಳಿತ.

ಹಾಗಾದರೆ ಈ ಕೆಲಸ ಗೊತ್ತಿದ್ದ ಮನುಷ್ಯನಿಗೆ ಯಾಕೆ ಒಂದೇ ಓಟು?

ನಮ್ಮೂರ ಹಾಲಿನ ಡೇರಿ ಎಲೆಕ್ಷನ್ ನೋಡಿದವರಿಗೆ ಇದು ಒಗಟೇ ಅಲ್ಲ. ಡೇರಿ ಅಧ್ಯಕ್ಷನನ್ನು ಹಾಲು ಹಾಕೋ ರೈತರು ನೇರವಾಗಿ ಆರಿಸಲ್ಲ. ಅವರು ಡೈರೆಕ್ಟರುಗಳನ್ನು ಆರಿಸುತ್ತಾರೆ, ಡೈರೆಕ್ಟರುಗಳು ಕೂತು ಅಧ್ಯಕ್ಷನನ್ನು. ಫ್ಯಾಟು, ಡಿಗ್ರಿ ಕಮ್ಮಿ ತೋರಿಸಿದರು ಅಂತ ದಿನಾ ಜಗಳ ಆಡೋ ರೈತನಿಗೆ ಯಾರು ಪ್ರಾಮಾಣಿಕ ಅಂತ ಗೊತ್ತಿರುತ್ತೆ. ಆದರೆ ಅಧ್ಯಕ್ಷ ಆಗೋನು ಆ ಹತ್ತು ಹನ್ನೆರಡು ಡೈರೆಕ್ಟರುಗಳ ಮನೆ ಮದುವೆಗೆ ಹೋದವನು, ತಿಥಿಗೆ ಹೋದವನು, ಎಲೆಕ್ಷನ್ ಹಿಂದಿನ ವಾರ ಅವರನ್ನೆಲ್ಲ ಗಾಡಿ ಮಾಡಿ ಧರ್ಮಸ್ಥಳಕ್ಕೆ ಕರಕೊಂಡು ಹೋದವನು. ಊರಲ್ಲಿ ಅತಿ ಹೆಚ್ಚು ಹಾಲು ಕರೆಯೋ ಹಸು ಯಾರದು ಅಂತ ಅಲ್ಲಿ ಯಾರೂ ಕೇಳಲ್ಲ.

ಫೆಡರೇಷನ್ನಿನಲ್ಲೂ ಅಷ್ಟೇ. ಮತ ಹಾಕಿದ 34 ಜನ ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳು. ಅವರಿಗೆ 1997ರ ಹ್ಯಾಟ್ರಿಕ್ ಗೊತ್ತಿಲ್ಲ ಅಂತಲ್ಲ, ಬಹುಶಃ ಟಿವಿಯಲ್ಲಿ ನೋಡಿ ಕುಣಿದವರೇ. ಆದರೆ ಓಟು ಹಾಕುವಾಗ ಅವರ ಪ್ರಶ್ನೆ ಬೇರೆ: ನಮ್ಮ ರಾಜ್ಯಕ್ಕೆ ಅನುದಾನ ಎಷ್ಟು, ಸಮಿತಿಯಲ್ಲಿ ಜಾಗ ಯಾರಿಗೆ, ದೆಹಲಿಯಲ್ಲಿ ಕೆಲಸ ಆಗಬೇಕಾದರೆ ಫೋನ್ ಎತ್ತೋದು ಯಾರು. ಇದನ್ನು ಬರೀ ಭ್ರಷ್ಟತನ ಅಂತ ತಳ್ಳಿಹಾಕೋದು ನಮ್ಮಂಥ ನಗರವಾಸಿಗಳ ಸೋಮಾರಿತನ. ಲಾಬಿ, ಒತ್ತಡ ಎಲ್ಲ ನಡೆದಿರಬಹುದು, ಭುಟಿಯಾ ಆಮೇಲೆ ಹಾಗೆ ಆರೋಪವನ್ನೂ ಮಾಡಿದರು. ಆದರೂ ಒತ್ತಡದಿಂದ 33–1 ಆಗೋದು ಕಷ್ಟ. 20–14 ಆಗಬಹುದು. 33–1 ಅಂದರೆ ಆ 34 ಜನರ ಜೊತೆ ವರ್ಷಗಟ್ಟಲೆ ಮಾತೇ ಇರಲಿಲ್ಲ ಅಂತ ಅರ್ಥ. ಸಂಬಂಧ ಅನ್ನೋದು ನಾಮಪತ್ರದ ಜೊತೆ ಲಗತ್ತಿಸೋ ದಾಖಲೆ ಅಲ್ಲ.

ಸಂಸ್ಥೆ ಕಟ್ಟಿ ಉಳಿಸಿಕೊಳ್ಳೋ ವಿಷಯದಲ್ಲಿ ಭುಟಿಯಾ ದಾಖಲೆ ಮಿಶ್ರವೇ. ಸ್ವಂತ ನಾಡಿನ ಆಸೆಯಾಗಿದ್ದ ಯುನೈಟೆಡ್ ಸಿಕ್ಕಿಂ ಕ್ಲಬ್ 2012ರಲ್ಲಿ ಐ–ಲೀಗ್‌ಗೆ ಬಡ್ತಿ ಪಡೆದು, ಹಣದ ತೊಂದರೆಗೆ ಸಿಕ್ಕಿ, ಒಂದೇ ಸೀಸನ್‌ಗೆ ಕೆಳಗಿಳಿಯಿತು. ಸ್ವಂತ ಪಕ್ಷವನ್ನು 2023ರಲ್ಲಿ ಇನ್ನೊಂದು ಪಕ್ಷದಲ್ಲಿ ವಿಲೀನ ಮಾಡಿದರು. 2024ರಲ್ಲಿ ಬರ್ಫುಂಗ್ ಕ್ಷೇತ್ರದಲ್ಲೂ ಸೋತು ಚುನಾವಣಾ ರಾಜಕೀಯಕ್ಕೇ ಕೈಮುಗಿದರು. ಮಕ್ಕಳಿಗೆ ಕಲಿಸೋಕೆ 2010ರಲ್ಲಿ ಶುರು ಮಾಡಿದ ಫುಟ್‌ಬಾಲ್ ಶಾಲೆಗಳು ಇದಕ್ಕೆ ಅಪವಾದ. ಅಲ್ಲಿ ಓಟು ಕೇಳೋ ಅಗತ್ಯ ಇಲ್ಲ.

ಇದೇ 2022ರಲ್ಲಿ ನಾರ್ವೆಯಲ್ಲಿ ಇನ್ನೊಬ್ಬ ಆಟಗಾರ್ತಿ ಅಧ್ಯಕ್ಷೆಯಾದರು, ಲಿಸೆ ಕ್ಲಾವೆನೆಸ್. ದೇಶದ ಪರ 73 ಪಂದ್ಯ ಆಡಿದವರು. ಆಟದ ಜೊತೆಗೇ ಕಾನೂನು ಓದಿದರು, ನ್ಯಾಯಾಧೀಶೆಯಾಗಿ ಕೆಲಸ ಮಾಡಿದರು, 2018ರಿಂದ ಫೆಡರೇಷನ್ನಿನ ಒಳಗೇ ಉನ್ನತ ಮಟ್ಟದ ಫುಟ್‌ಬಾಲ್ ವಿಭಾಗದ ನಿರ್ದೇಶಕಿಯಾಗಿದ್ದರು. ಅಧ್ಯಕ್ಷೆಯಾದ ತಿಂಗಳೊಳಗೆ ದೋಹಾದ ಫಿಫಾ ಮಹಾಸಭೆಯಲ್ಲಿ ಎದ್ದು ನಿಂತು, ಕತಾರಿಗೆ ವಿಶ್ವಕಪ್ ಕೊಟ್ಟ ರೀತಿಯನ್ನೂ ವಲಸೆ ಕಾರ್ಮಿಕರ ಸ್ಥಿತಿಯನ್ನೂ ಕೇಳಿದರು. 2023ರಲ್ಲಿ ಯುಇಎಫ್‌ಎ ಕಾರ್ಯಕಾರಿ ಸಮಿತಿಗೆ, ಹೆಂಗಸರಿಗೆ ಮೀಸಲಾದ ಸ್ಥಾನ ಬಿಟ್ಟು, ಗಂಡಸರ ಎದುರು ನಿಂತು ಸೋತರು. 2025ರಲ್ಲಿ ಒಳಗೆ ಹೋದರು. ‘ಒಲ್ಲೆ’ ಅನ್ನೋ ಧೈರ್ಯದಲ್ಲಿ ಭುಟಿಯಾಗಿಂತ ಹೆಚ್ಚೇನಲ್ಲ. ಆದರೆ ಆಕೆಯ ‘ಒಲ್ಲೆ’ ಹಿಂದೆ ನಾರ್ವೆಯ ಕ್ಲಬ್ಬುಗಳು ನಿಂತಿದ್ದವು, ಅಲ್ಲಿ ಫೆಡರೇಷನ್ನಿನ ವಾರ್ಷಿಕ ಸಭೆಯಲ್ಲಿ ಕ್ಲಬ್ಬುಗಳಿಗೇ ಓಟಿದೆ. ನಮ್ಮಲ್ಲಿ ಬೆಂಗಳೂರಿನ ಗೌತಮಪುರದ ಹುಡುಗರ ಕ್ಲಬ್ಬಿಗೂ ದೆಹಲಿಯ ಮತಪೆಟ್ಟಿಗೆಗೂ ನಡುವೆ ಎಷ್ಟು ಮೆಟ್ಟಿಲು ಅಂತ ಲೆಕ್ಕ ಹಾಕಿ ನೋಡಿ.

ಇನ್ನು ಗೆದ್ದ ಆಟಗಾರ ಏನು ಮಾಡಿದರು? ಚೌಬೆಗೆ ಮೊದಲ ವರ್ಷ ಅದೃಷ್ಟ ಇತ್ತು. 2023ರ ಜುಲೈನಲ್ಲಿ ಕಂಠೀರವದಲ್ಲಿ ಕುವೈತ್ ಎದುರು ಪೆನಾಲ್ಟಿಯಲ್ಲಿ ಸ್ಯಾಫ್ ಕಪ್ ಗೆದ್ದ ರಾತ್ರಿ ನಾನೂ ಗ್ಯಾಲರಿಯಲ್ಲಿದ್ದೆ, ಗಂಟಲು ಎರಡು ದಿನ ಸರಿ ಇರಲಿಲ್ಲ. ಆ ತಿಂಗಳು ಫಿಫಾ ರ‍್ಯಾಂಕಿಂಗ್‌ನಲ್ಲಿ 99. 2025ರ ನವೆಂಬರಿನಲ್ಲಿ 142. ನಡುವೆ ಕೋಚ್ ಸ್ಟಿಮಾಚ್ ಅವರನ್ನು ಗುತ್ತಿಗೆ ಮುಗಿಯೋ ಮೊದಲೇ ತೆಗೆದರು. ಮಾರ್ಕೆಸ್ ಬಂದರು, ವರ್ಷದಲ್ಲಿ ಹೋದರು. ಗೋವಾದಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯಾ ಕಪ್ ಬಾಗಿಲು ಮುಚ್ಚಿತು, ಮುಂದಿನ ತಿಂಗಳೇ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತದ್ದಾಯಿತು. ಐಎಸ್‌ಎಲ್ ಹಕ್ಕಿನ ಒಪ್ಪಂದ ನವೀಕರಣ ಆಗದೆ ಲೀಗೇ ನಿಂತಿತು, ಆಟಗಾರರು ಸೀಸನ್ ಇಲ್ಲದೆ ಕಾದರು. ಎಲ್ಲವೂ ಒಬ್ಬರ ತಪ್ಪಲ್ಲ. ಆದರೆ ‘ಆಟಗಾರ ಅಧ್ಯಕ್ಷ ಆದರೆ ಆಟಗಾರರ ಕಷ್ಟ ಅರ್ಥ ಆಗುತ್ತೆ’ ಅನ್ನೋ ವಾದ ಇಷ್ಟು ಚೆನ್ನಾಗಿ ಪರೀಕ್ಷೆಗೆ ಒಳಗಾಗಿ, ಇಷ್ಟು ಚೆನ್ನಾಗಿ ಫೇಲಾದದ್ದು ಅಪರೂಪ.

ಸೋತ ಭುಟಿಯಾ ಮನೆಗೆ ಹೋಗಲಿಲ್ಲ. ಓಟಿನ ಪಟ್ಟಿಯಿಂದ ಆಟಗಾರರನ್ನು ತೆಗೆದರೂ ಕಾರ್ಯಕಾರಿ ಸಮಿತಿಯಲ್ಲಿ ಆರು ಆಟಗಾರರಿಗೆ ಜಾಗ ಇತ್ತು; ಅದರಲ್ಲಿ ಭುಟಿಯಾ ಒಬ್ಬರು. ಚುನಾವಣೆ ಮುಗಿದ ಮರುದಿನವೇ ದೆಹಲಿ ಸಂಸ್ಥೆಯ ಅಧ್ಯಕ್ಷರಾಗಿದ್ದ ಶಾಜಿ ಪ್ರಭಾಕರನ್ ಫೆಡರೇಷನ್ನಿನ ಪ್ರಧಾನ ಕಾರ್ಯದರ್ಶಿಯಾದರು. ಮತದಾರರಾಗಿದ್ದವರಿಗೆ ಸಂಬಳದ ಹುದ್ದೆ ಕೊಡೋದು ಕೆಟ್ಟ ಪದ್ಧತಿ ಅಂತ ಭುಟಿಯಾ ಸಮಿತಿಯಲ್ಲಿ ಆಕ್ಷೇಪ ಎತ್ತಿದರು. ಬೆಂಬಲ ಸಿಗಲಿಲ್ಲ. 2023ರ ನವೆಂಬರಿನಲ್ಲಿ ಅದೇ ಪ್ರಭಾಕರನ್ ಅವರನ್ನು ವಿಶ್ವಾಸದ್ರೋಹದ ಕಾರಣ ಕೊಟ್ಟು ಫೆಡರೇಷನ್ನೇ ತೆಗೆದುಹಾಕಿತು. ಅವರು ಆರೋಪ ಒಪ್ಪಲಿಲ್ಲ. 2024ರ ಜುಲೈನಲ್ಲಿ ತಾಂತ್ರಿಕ ಸಮಿತಿಯನ್ನು ಕೇಳದೆ ಹೊಸ ಕೋಚ್ ನೇಮಕ ಆಯಿತು ಅಂತ ಭುಟಿಯಾ ಆ ಸಮಿತಿಗೆ ರಾಜೀನಾಮೆ ಕೊಟ್ಟರು.

ಎರಡು ಸಲವೂ ಅವರು ಎತ್ತಿದ ಪ್ರಶ್ನೆ ಸರಿ. ಎರಡು ಸಲವೂ ಒಬ್ಬರೇ. ಇಲ್ಲೇ ನನಗೆ ಕಿರಿಕಿರಿ. ಅದೇ ಕಾರ್ಯಕಾರಿ ಸಮಿತಿಯಲ್ಲಿ ಐ.ಎಂ. ವಿಜಯನ್ ಇದ್ದರು, ಶಬ್ಬೀರ್ ಅಲಿ, ಕ್ಲೈಮ್ಯಾಕ್ಸ್ ಲಾರೆನ್ಸ್ ಇದ್ದರು, ಇಬ್ಬರು ಆಟಗಾರ್ತಿಯರಿದ್ದರು. ಆರು ಜನ ಒಂದೇ ಕಾಗದಕ್ಕೆ ಸಹಿ ಹಾಕಿದ್ದರೆ ಆ ಸುದ್ದಿ ಬೇರೆ ಇರುತ್ತಿತ್ತು. ಹದಿನೇಳು ಜನರ ಎದುರು ಆರು ಜನ ಸೋಲಬಹುದು, ಆದರೆ ದಾಖಲೆಯಲ್ಲಿ ಉಳಿಯುತ್ತಾರೆ. ಕ್ಯಾಪ್ಟನ್ ಆಗಿ ಹನ್ನೊಂದು ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಒಟ್ಟಿಗೆ ಓಡಿಸಿದವರಿಗೆ ಐದು ಜನರನ್ನು ಒಪ್ಪಿಸೋಕೆ ಆಗಲಿಲ್ಲವೋ, ಅಥವಾ ಒಪ್ಪಿಸಬೇಕು ಅಂತಲೇ ಅನ್ನಿಸಲಿಲ್ಲವೋ. ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ.

2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಫೆಡರೇಷನ್ನಿಗೆ ಹೊಸ ಸಂವಿಧಾನ ಒಪ್ಪಿತು. ಸಾಮಾನ್ಯ ಸಭೆಯಲ್ಲಿ ನಿವೃತ್ತ ಆಟಗಾರರಿಗೆ ಈಗ ಜಾಗ ಇದೆ. ಈಗಿನ ಸಮಿತಿಯ ಅವಧಿ 2026ರ ಸೆಪ್ಟೆಂಬರಿಗೆ ಮುಗಿಯುತ್ತೆ. ಮುಂದಿನ ಅಧ್ಯಕ್ಷ ಯಾರು ಅನ್ನೋದಕ್ಕಿಂತ ಕರ್ನಾಟಕದ ಓಟು ಯಾರು ಹಾಕುತ್ತಾರೆ, ಏನು ಕೇಳಿ ಹಾಕುತ್ತಾರೆ ಅನ್ನೋದು ನನಗೆ ಮುಖ್ಯ. ನಮ್ಮ ರಾಜ್ಯ ಸಂಸ್ಥೆಯ ಅಧ್ಯಕ್ಷರು ಶಾಂತಿನಗರದ ಶಾಸಕ ಎನ್.ಎ. ಹ್ಯಾರಿಸ್, 2022ರ ಅದೇ ಚುನಾವಣೆಯಲ್ಲಿ ರಾಜಸ್ಥಾನದ ಮಾನವೇಂದ್ರ ಸಿಂಗ್ ಎದುರು 29–5ರಿಂದ ಗೆದ್ದು ಫೆಡರೇಷನ್ನಿನ ಉಪಾಧ್ಯಕ್ಷರಾದವರೂ ಅವರೇ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಲೀಗ್ ಪಂದ್ಯ ನೋಡೋಕೆ ಮುನ್ನೂರು ಜನ ಬಂದರೆ ಹೆಚ್ಚು. ಮುಂದಿನ ಸಲ ಹೋದರೆ ಗೇಟಿನ ಹತ್ತಿರ ಆಂಬುಲೆನ್ಸ್ ನಿಂತಿದೆಯಾ, ಅದರಲ್ಲಿ ಡ್ರೈವರ್ ಇದ್ದಾನಾ ಅಂತ ಒಂದು ಸಲ ನೋಡಿ ಒಳಗೆ ಹೋಗಿ.